ಹಾರಿಹೋದ ಚಿಟ್ಟೆಗಳ ವಿಚಾರಣೆ ಕಿಟಕಿ

ಯಾರಾದರೂ ಫೋನ್ ಮಾಡಿ "ಅಕ್ಕಾ, ಒಂದು ಚಿಟ್ಟೆ ನೋಡಿದೆ, ಹಳದಿ ಬಣ್ಣ..." ಎಂದು ಶುರು ಮಾಡಿದರೆ ಅಕ್ಕ ಅಲ್ಲಿಗೇ ತಡೆಯುತ್ತಿದ್ದರು. "ಬಣ್ಣ ಆಮ್ಯಾಲೆ ಹೇಳ್ರಿ. ಮೊದಲ ಅದು ಎಲ್ಲೆ ಕೂತಿತ್ತು, ಹೆಂಗ ಕೂತಿತ್ತು, ಅದನ್ನ ಹೇಳ್ರಿ." ಹೇಳುವವರು ತಬ್ಬಿಬ್ಬಾಗುತ್ತಿದ್ದರು. ಚಿಟ್ಟೆ ಎಂದರೆ ಬಣ್ಣವೇ ಅಲ್ಲವೇ, ಅದು ಹೇಗೆ ಕೂತಿತ್ತು ಎಂದು ಯಾರು ನೋಡುತ್ತಾರೆ? ಅಕ್ಕ ಪಟ್ಟು ಬಿಡುತ್ತಿರಲಿಲ್ಲ. ರೆಕ್ಕೆ ಮುಚ್ಚಿತ್ತೋ ಬಿಚ್ಚಿತ್ತೋ, ಬಿಸಿಲಲ್ಲೋ ನೆರಳಲ್ಲೋ, ಹಾರಿದಾಗ ನೆಟ್ಟಗೆ ಹೋಯಿತೋ ತೂರಾಡುತ್ತ ಹೋಯಿತೋ ಎಂದು ಒಂದೊಂದಾಗಿ ಕೇಳುತ್ತ ಹೋಗಿ, ಕೊನೆಗೆ ಬಣ್ಣಕ್ಕೆ ಬರುವಷ್ಟರಲ್ಲಿ ಅವರಿಗೆ ಉತ್ತರ ಸಿಕ್ಕಿರುತ್ತಿತ್ತು.

ಈಗ ಫೋಟೊ ತೋರಿಸಿದರೆ ಹೆಸರು ಹೇಳುವ ಆ್ಯಪ್‌ಗಳು ಬಂದಿವೆ, ನನಗೂ ಗೊತ್ತು. ಆದರೆ ಫೋಟೊ ತೆಗೆಯುವಷ್ಟು ಹೊತ್ತು ನಿಲ್ಲದೆ ಹಾರಿಹೋದ ಚಿಟ್ಟೆಯ ಬಗ್ಗೆ ಕೇಳಲು ನಾಗಪುರದ ಕನ್ನಡದವರಿಗೆ ಇದ್ದದ್ದು ಅಕ್ಕ ಒಬ್ಬರೇ. ಈ ಬೇಸಿಗೆಯಲ್ಲಿ ಅವರು ಹುಬ್ಬಳ್ಳಿಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಬೇಜಾರಾಯಿತು. ಆದರೆ ಅವರನ್ನು ನೆನೆಸಿಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ನಗು ಬಂದುಬಿಡುತ್ತದೆ, ಏನು ಮಾಡಲಿ.

ಅಕ್ಕ ನಮ್ಮ ಕಟ್ಟಡದಲ್ಲೇ, ನಮಗಿಂತ ಒಂದು ಮಹಡಿ ಕೆಳಗೆ ಇದ್ದರು. ಮದುವೆಯಾಗಿರಲಿಲ್ಲ. ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆಂದು ಬಂದು, ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಬಂದವಳು. ಮೊದಲ ವರ್ಷ ನನಗೆ ಇಲ್ಲಿಯ ಬಿಸಿಲು ಎಷ್ಟು ಅರ್ಥವಾಗಲಿಲ್ಲವೋ ಅಕ್ಕನ ಕನ್ನಡವೂ ಅಷ್ಟೇ ಅರ್ಥವಾಗಲಿಲ್ಲ. ನಾನು ಚಿಟ್ಟೆ ಎಂದರೆ ಅವರು ಪಾತರಗಿತ್ತಿ ಎನ್ನುತ್ತಿದ್ದರು. "ನಿಮ್ಮ ಮೈಸೂರಿನ್ಯಾಗ ಎಲ್ಲಾದಕ್ಕೂ ಸಣ್ಣ ಹೆಸರು ಇಡತೀರಿ, ಜಲ್ದಿ ಹೇಳಿ ಮುಗಸಾಕ" ಎಂದು ಛೇಡಿಸುತ್ತಿದ್ದರು.

ಮೆತ್ತನೆಯ ಹೆಂಗಸು ಎಂದುಕೊಳ್ಳಬೇಡಿ. ಜಂಬ ಧಾರಾಳವಾಗಿತ್ತು. ಇಳಕಲ್ ಸೀರೆಯ ಕೆಳಗೆ ಗಿಳಿಹಸಿರು ಬಣ್ಣದ ಕ್ಯಾನ್ವಾಸ್ ಶೂ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಸೆಮಿನರಿ ಹಿಲ್ಸ್ ಕಡೆಗೆ ಚಿಟ್ಟೆ ನೋಡಲು ಹೋಗುತ್ತಿದ್ದರು. ಜೊತೆಗೆ ಬರುವ ಕಾಲೇಜಿನವರು ದೊಡ್ಡ ದೊಡ್ಡ ಕ್ಯಾಮೆರಾ ತಂದರೆ ಅಕ್ಕ ಬರಿಗೈಯಲ್ಲಿ ಹೋಗಿ, ಅವರಿಗಿಂತ ಜೋರಾಗಿ ಮಾತಾಡಿ, ಕ್ಯಾಮೆರಾದ ಎದುರಿನ ಚಿಟ್ಟೆಯನ್ನು ಹಾರಿಸಿ ಬರುತ್ತಿದ್ದರು. ಕಟ್ಟಡದ ಮರಾಠಿಯವರು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು, ಹೆದರುತ್ತಲೂ ಇದ್ದರು.

ಪ್ರಶ್ನೆ ಕೇಳುವ ಈ ಚಟ ಅವರಿಗೆ ಕಿಟಕಿಯಲ್ಲೇ ಹತ್ತಿದ್ದು. ವಿಚಾರಣೆ ಕಿಟಕಿಗೆ ಬರುವವರಲ್ಲಿ ಗಾಡಿಯ ಹೆಸರು ಗೊತ್ತಿರುವವರು ಕಡಿಮೆಯಂತೆ. ಒಮ್ಮೆ ಒಬ್ಬ ಮುದುಕಿ ಬಂದು "ಬೇಟಾ, ನನ್ನ ಮಗಳ ಊರಿನ ಗಾಡಿ ಯಾವಾಗ?" ಎಂದು ಹಿಂದಿಯಲ್ಲಿ ಕೇಳಿದಳಂತೆ. ಊರಿನ ಹೆಸರೂ ನೆನಪಿಲ್ಲ. ಹಿಂದಿನ ಸಾಲಿನವರು ಗೊಣಗುತ್ತಿದ್ದರೂ ಅಕ್ಕ ಬಿಡಲಿಲ್ಲ. ಹೋದ ಸಲ ಗಾಡಿಯಲ್ಲಿ ಬುತ್ತಿ ಬಿಚ್ಚಿದ್ದು ಎಲ್ಲಿ, ಇಳಿದಾಗ ಹೊತ್ತು ಎಷ್ಟಾಗಿತ್ತು ಎಂದು ಕೇಳುತ್ತ ಹೋದರು. ಇಳಿಯುವುದಕ್ಕೆ ಸ್ವಲ್ಪ ಮುಂಚೆ ಹಗಲಲ್ಲೇ ಕತ್ತಲಾಯಿತು, ಮಕ್ಕಳು ಕೂಗಿಕೊಂಡವು ಎಂದಳಂತೆ ಮುದುಕಿ. ಅಂದರೆ ಸುರಂಗ. ಸುರಂಗ ಎಂದರೆ ಇಟಾರ್ಸಿ ಕಡೆಯ ಘಾಟಿ. ಅಲ್ಲಿನ ಸಣ್ಣ ಸ್ಟೇಷನ್ನಿನ ಹೆಸರು ಹೇಳಿದ ಕೂಡಲೇ ಮುದುಕಿ ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ಅಕ್ಕನ ಗಲ್ಲ ಹಿಡಿದುಕೊಂಡಳಂತೆ. "ಮಂದಿಗೆ ಗೊತ್ತಿರತೈತ್ರಿ. ಗೊತ್ತಿದ್ದದ್ದು ಯಾವ ಮೂಲ್ಯಾಗ ಐತಿ ಅನ್ನೂದು ಅವರಿಗೆ ಗೊತ್ತಿರಂಗಿಲ್ಲ" ಎನ್ನುತ್ತಿದ್ದರು ಅಕ್ಕ.

ನಿವೃತ್ತಿಯಾದ ಮೇಲೆ ಯಾರೂ ಏನೂ ಕೇಳದೆ ಅವರಿಗೆ ಮೈ ಪರಚಿಕೊಳ್ಳುವಂತಾಯಿತು. ಅಡುಗೆಮನೆಗೆ ಬಂದ ಒಂದು ಚಿಟ್ಟೆಯ ಹೆಸರು ಹುಡುಕಲು ಹೊರಟು, ಪುಸ್ತಕ ತಂದು ಓದಿ, ಭಾನುವಾರದ ಗುಂಪಿಗೆ ಸೇರಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಿಟಕಿ ತೆರೆದು ಕೂತರು. ಕಾಮಠಿಯಿಂದ ಸೈನ್ಯದವರ ಹೆಂಡಂದಿರು ಫೋನ್ ಮಾಡುತ್ತಿದ್ದರು, ನಾಗಪುರದ ಹೊರಗಿನ ವಾಡಿಯ ಗೋದಾಮುಗಳಿಂದ ನಮ್ಮ ವಿಜಯಪುರದ ಲಾರಿಯವರು ಫೋನ್ ಮಾಡುತ್ತಿದ್ದರು.

ಅಂಥ ಒಬ್ಬ ಲಾರಿಯವನು ಗುಬ್ಬಿಗಿಂತ ಸಣ್ಣ ಹಕ್ಕಿಯೊಂದು ಹೂವಿನ ಮುಂದೆ ಗಾಳಿಯಲ್ಲಿ ನಿಂತು ರಸ ಹೀರುತ್ತಿತ್ತು, ವಿದೇಶದ ಹಕ್ಕಿಯೇ ಇರಬೇಕು ಎಂದು ಬಂದ. ಅಕ್ಕ ಕೇಳಿದ್ದು ಒಂದೇ. "ಕುಡಿದ ಮ್ಯಾಲೆ ಕೊಕ್ಕು ಹಂಗ ಇತ್ತೋ, ಸುರುಳಿ ಸುತ್ತಿಕೊಂಡು ಒಳಗ ಹೋತೋ?" ಅವನು ಸ್ವಲ್ಪ ಯೋಚಿಸಿ, ಸುತ್ತಿಕೊಂಡಿತು ಎಂದ. "ಹಂಗಾರ ಅದು ಪತಂಗ" ಎಂದರು. ಅವನು ಒಪ್ಪಲಿಲ್ಲ. ಹಕ್ಕಿಯೇ, ಬೇಕಾದರೆ ಆಣೆ ಮಾಡುತ್ತೇನೆ ಎಂದು ವಾದಕ್ಕೆ ನಿಂತ. ಅಕ್ಕ ಹಳೆಯ ಅಭ್ಯಾಸದಲ್ಲಿ "ಆಗೇ ಬಢೋ", ಮುಂದೆ ನಡಿ, ಎಂದು ಸಾಲಿನ ಮುಂದಿನವರಿಗಾಗಿ ಅವನ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ, ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ.

ಬಣ್ಣದ ಮೇಲೆ ಅವರಿಗೆ ಅಷ್ಟು ಸಿಟ್ಟು ಬರಲು ಕಾರಣ ಅವರೇ ಮಾಡಿದ ಒಂದು ತಪ್ಪು. ಕಾಮಠಿಯ ಒಬ್ಬಾಕೆ ಕಿತ್ತಳೆ ಬಣ್ಣ, ಕಪ್ಪು ಅಂಚು, ಬಿಳಿ ಚುಕ್ಕೆ ಎಂದು ವರ್ಣಿಸಿದಾಗ ಅಕ್ಕ ಅವಸರದಲ್ಲಿ ಹುಲಿ ಚಿಟ್ಟೆ ಎಂದುಬಿಟ್ಟಿದ್ದರು. ಹಕ್ಕಿಗಳು ಹುಲಿ ಚಿಟ್ಟೆಯನ್ನು ತಿನ್ನುವುದಿಲ್ಲ, ಅದು ಕಹಿ. ಆ ಧೈರ್ಯಕ್ಕೆಂದೇ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಹೆಚ್ಚು ಕಡಿಮೆ ಅದರದೇ ಬಣ್ಣ ತೊಟ್ಟುಕೊಂಡು ಓಡಾಡುತ್ತದೆ. ಆಕೆ ನೋಡಿದ್ದು ಆ ವೇಷದವಳನ್ನು. ಅದು ಅಕ್ಕನಿಗೆ ಆಮೇಲೆ, ಬೇರೆ ಏನೋ ಮಾತಿನ ನಡುವೆ ಹೊಳೆಯಿತು. ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಕೆ ಆಗಲೇ ಊರಿಗೆಲ್ಲ ಹುಲಿ ಚಿಟ್ಟೆ ಎಂದು ಹೇಳಿಯಾಗಿತ್ತು.

ಆ ವರ್ಷ ಕನ್ನಡದವರ ಯುಗಾದಿ ಕೂಟದಲ್ಲಿ, ಊಟಕ್ಕೆ ಎಲ್ಲರೂ ಏಳುವ ಹೊತ್ತಿಗೆ ಅಕ್ಕ ವೇದಿಕೆ ಹತ್ತಿ ಮೈಕು ಹಿಡಿದರು. "ಒಂದು ಸೂಚನಾ ಐತ್ರಿ" ಎಂದು ಸ್ಟೇಷನ್ನಿನ ಧ್ವನಿಯಲ್ಲೇ ಶುರು ಮಾಡಿ, "ಕಾಮಠಿ ಬಾಯಾರು ನೋಡಿದ್ದು ಹುಲಿ ಅಲ್ಲ, ಹುಲಿ ವೇಷ ಹಾಕ್ಕೊಂಡಾಕಿ. ನಾ ತಪ್ಪು ಹೇಳಿದ್ದೆ, ಕ್ಷಮಾ ಇರಲಿ" ಎಂದರು. ಜನ ಬಿಸಿಬೇಳೆ ಭಾತು ತಣ್ಣಗಾಗುವ ಚಿಂತೆಯಲ್ಲಿ ಚಪ್ಪಾಳೆ ತಟ್ಟಿದರು. ನಾನು ನಗುತ್ತ, ಇದೆಲ್ಲ ಯಾಕೆ ಬೇಕಿತ್ತು ಎಂದೆ. "ತಪ್ಪು ಪ್ಲಾಟ್‌ಫಾರ್ಮ್ ಹೇಳಿದ್ರ ಮತ್ತ ಮೈಕಿನ್ಯಾಗ ಹೇಳಬೇಕವ್ವಾ. ಕಿವ್ಯಾಗ ಹೇಳಿದ್ರ ಗಾಡಿ ತಪ್ಪತೈತಿ" ಎಂದರು.

ಅಲ್ಲಿಯವರೆಗೆ ನನಗೆ ಅಕ್ಕ ಒಂದು ತಮಾಷೆಯ ವಿಷಯವಾಗಿದ್ದರು. ಅಪ್ಪ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದ ಮೇಲೆ ಹಾಗೆ ಉಳಿಯಲಿಲ್ಲ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬಸ್ಸಿನವರಿಗೂ ರೈಲಿನವರಿಗೂ ಮೊದಲ ದಿನವೇ ಜಗಳ ಹತ್ತಿತು. "ನಿಮ್ಮ ರೈಲಿಗೆ ಏನಮ್ಮ, ಹಳಿ ಇದೆ, ಅದು ಹೋದ ಕಡೆ ಹೋಗುತ್ತೆ. ನಾವು ರಸ್ತೆ ನೋಡಿ ಓಡಿಸಬೇಕು" ಎಂದು ಅಪ್ಪ, "ಅದಕ್ಕ ನೀವು ಗಿಡಕ್ಕ ಹೊಡೀತೀರಿ ಕಾಕಾರ" ಎಂದು ಅಕ್ಕ. ಇಬ್ಬರಿಗೂ ಅದು ಇಷ್ಟದ ಜಗಳ. ಅಪ್ಪನಿಗೆ ತಮ್ಮ ಕಣ್ಣಿನ ಮೇಲೆ ಬಹಳ ಅಭಿಮಾನ. ಪೊರೆ ತೆಗೆಸಿದ ಮೇಲಂತೂ ಎದುರು ಕಟ್ಟಡದವರ ಒಗ್ಗರಣೆಯಲ್ಲಿ ಸಾಸಿವೆ ಎಷ್ಟು ಎಂದು ಹೇಳಬಲ್ಲೆ ಎನ್ನುತ್ತಿದ್ದರು.

ಕಣ್ಣು ಚೆನ್ನಾಗಿತ್ತು, ಮರೆವು ಶುರುವಾಗಿತ್ತು. ಕನ್ನಡಕ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ತಿಂಡಿ ತಿಂದ ಸ್ವಲ್ಪ ಹೊತ್ತಿಗೆ ತಿಂಡಿ ಆಯಿತಾ ಎಂದು ಕೇಳುತ್ತಿದ್ದರು. ಡಾಕ್ಟರು ಇದು ವಯಸ್ಸು, ನೋಡೋಣ ಎಂದರು. ಜೊತೆಗೆ, ಇಲ್ಲದ್ದು ಕಾಣಿಸುತ್ತಿದೆ ಎಂದು ಅವರು ಹೇಳತೊಡಗಿದರೆ ತಡಮಾಡದೆ ಕರೆದುಕೊಂಡು ಬನ್ನಿ ಎಂದರು. ಅಪ್ಪನೂ ಅದನ್ನು ಕೇಳಿಸಿಕೊಂಡರು. ನನ್ನ ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ಗೋಡೆಯೊಳಗೆ ಜನ ಕಾಣುತ್ತಿದ್ದರು, ದೊಡ್ಡಪ್ಪನನ್ನು ನೋಡಿಕೊಂಡವರು ಅಪ್ಪನೇ. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೀಗಿರುವಾಗ ನವೆಂಬರಿನ ಒಂದು ಮಧ್ಯಾಹ್ನ ಅಪ್ಪ ಕಾಂಪೌಂಡಿನಲ್ಲಿ ಅಡ್ಡಾಡಲು ಹೋದವರು ಬೇಗನೆ ಮೇಲೆ ಬಂದರು. ಮುಖ ಬಿಳಿಚಿಕೊಂಡಿತ್ತು. "ಮರಕ್ಕೆ ಅಂಟಿಕೊಂಡಿದ್ದ ಒಣಗಿದ ಎಲೆ ಹಾರಿಹೋಯ್ತು ಕಣೇ. ಒಳಗೆ ನೀಲಿ ಇತ್ತು" ಎಂದರು. ಯಾವ ಮಗಳಾದರೂ ಏನು ಮಾಡುತ್ತಾಳೋ ಅದನ್ನೇ ನಾನೂ ಮಾಡಿದೆ. "ಇರ್ಲಿ ಬಿಡಿಪ್ಪ, ಕೈಕಾಲು ತೊಳ್ಕೊಳಿ" ಎಂದು ನಕ್ಕು, ಒಳಗೆ ಹೋಗಿ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದೆ. ಅಂದಿನಿಂದ ಒಬ್ಬರೇ ಕೆಳಗೆ ಹೋಗುವುದು ಬೇಡ ಎಂದೆ. ಅಪ್ಪ ಸರಿ ಎಂದು ಒಪ್ಪಿಕೊಂಡುಬಿಟ್ಟರು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಹಾಗೇ ಏಳುತ್ತಿದ್ದರು.

ಎರಡು ದಿನ ಕಳೆದು ಅಕ್ಕ ಬಂದಾಗ ಅಪ್ಪನೇ ಕೇಳಿದರು. "ಏನಮ್ಮ, ಎಲೆ ಹಾರುತ್ತಾ?"

ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ, ಹೌದು ಎಂದು ಹೇಳಿ ಸಮಾಧಾನ ಮಾಡಿ ಎಂದು. ಅಕ್ಕ ನನ್ನ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತರು.

"ಎಲ್ಲಿತ್ತು?"

"ಹಿಂದಿನ ಗೋಡೆ ಹತ್ತಿರ, ಬೇವಿನ ಮರದ ಬೊಡ್ಡೆ ಮೇಲೆ. ನೀಲಿ..."

"ಬಣ್ಣ ಆಮ್ಯಾಲೆ ಕಾಕಾರ. ಎಲಿ ಅಂತ ತಿಳಿದಿದ್ರಲ್ಲ, ಎಲಿ ನೋಡಾಕ ಯಾಕ ಹೋದ್ರಿ?"

ಅಪ್ಪ ಅಕ್ಕನನ್ನು ಯಾರೋ ದಡ್ಡಿ ಎಂಬಂತೆ ನೋಡಿದರು. "ಬೇವಿನ ಎಲೆ ಅಷ್ಟು ಅಗಲ ಎಲ್ಲಿರುತ್ತೆ? ಇಷ್ಟಗಲದ ಎಲೆ ಬೇವಿನ ಮರದಲ್ಲಿ ಯಾಕಿದೆ ಅಂತ ಹೋದೆ."

ಅಕ್ಕ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು. ತೊಟ್ಟು ಇತ್ತೇ ಎಂದರು. ಇತ್ತು, ತೊಟ್ಟು ಮೇಲೆ, ಚೂಪು ತುದಿ ಕೆಳಗೆ ಎಂದರು ಅಪ್ಪ. ಅಲುಗಾಡಿತೇ ಎಂದರು. ಇಲ್ಲ, ಕೈ ಚಾಚಿದಾಗ ಎದ್ದಿತು, ನೀಲಿ ಹೊಳೆಯಿತು, ನಡುವೆ ಅಡ್ಡಲಾಗಿ ಕಿತ್ತಳೆ ಪಟ್ಟಿ, ಗೋಡೆಯಾಚೆಯ ಕೊಂಬೆಗೆ ಹೋಗಿ ಕೂತ ಕೂಡಲೇ ಮತ್ತೆ ಎಲೆಯೇ ಆಯಿತು, ಆಮೇಲೆ ಎಷ್ಟು ಹುಡುಕಿದರೂ ಕಾಣಲಿಲ್ಲ ಎಂದರು. ಪೊರೆ ತೆಗೆಸಿದ ಕಣ್ಣಿಗೆ ನೀಲಿ ಜಾಸ್ತಿ ಕಾಣುತ್ತಂತೆ ಅಕ್ಕಾ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅಕ್ಕ ಅಪ್ಪನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಎದುರು ಕಟ್ಟಡದ ಹಗ್ಗದ ಮೇಲಿನ ಬಟ್ಟೆಗಳ ಬಣ್ಣವನ್ನೆಲ್ಲ ಒಂದೊಂದಾಗಿ ಹೇಳಿಸಿದರು. ಬೂದು ಬಣ್ಣದ್ದನ್ನು ಅಪ್ಪ ಬೂದು ಎಂದೇ ಅಂದರು. ಅಕ್ಕ ಏನೂ ತೀರ್ಪು ಕೊಡದೆ, "ವಿಚಾರ ಮಾಡಿ ಹೇಳತೀನಿ" ಎಂದು ಹೊರಟುಹೋದರು.

ಬಾಗಿಲಾಚೆ ನಾನು ಜಗಳವಾಡಿದೆ. ಹೌದು ಎನ್ನಲು ಏನು ಕಷ್ಟ ಎಂದೆ. ಅಕ್ಕ ಮೆಟ್ಟಿಲಿಳಿಯುತ್ತಲೇ, "ಸುಳ್ಳ ಹೂಂ ಅಂದ್ರ ಅವರಿಗೆ ತಿಳಿಯಂಗಿಲ್ಲೇನು? ನೀ ನಕ್ಕಿದ್ದೂ ಅವರಿಗೆ ತಿಳದೈತಿ" ಎಂದರು.

ಆ ಬೇವಿನ ಮರದ ಬುಡ ನನ್ನ ಹಳೆಯ ವೈರಿ. ಕಳಮನಾದ ಮಾರುಕಟ್ಟೆಯಲ್ಲಿ ಸಂತ್ರಾ, ಅಂದರೆ ಕಿತ್ತಳೆ, ವ್ಯಾಪಾರ ಮಾಡುವ ನೆಲಮಹಡಿಯವರು ಕೊಳೆತ ಹಣ್ಣನ್ನೆಲ್ಲ ತಂದು ಅಲ್ಲಿ ಸುರಿಯುತ್ತಿದ್ದರು. ನಾಗಪುರಕ್ಕೆ ಬಂದವರೆಲ್ಲ ಸಂತ್ರಾ ಹೊಗಳುತ್ತಾರೆ, ಅದು ಕೊಳೆತಾಗಿನ ವಾಸನೆ ಅವರಿಗೆ ಗೊತ್ತಿಲ್ಲ. ನಾನು ಕೇಳಿದಾಗಲೆಲ್ಲ ಆತ "ಖಾದ್ ಬನ್ ಜಾಯೇಗಾ ಭಾಬೀಜಿ", ಗೊಬ್ಬರವಾಗುತ್ತೆ ಬಿಡಿ, ಎಂದು ನಗುತ್ತಿದ್ದ. ಮರುದಿನದಿಂದ ಅಕ್ಕ ಆ ರಾಶಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು, ಮಧ್ಯಾಹ್ನವೆಲ್ಲ ಕೂರತೊಡಗಿದರು. ಕಣಜಗಳು ಬಂದವು. ಸಂಜೆ ಹೊತ್ತು ಹಾರುವ ಕಂದು ಚಿಟ್ಟೆಗಳು ಬಂದವು, ಅವೂ ನೆಲದ ಮೇಲೆ ಕೂತರೆ ಒಣ ಎಲೆಯ ಹಾಗೇ ಕಾಣುತ್ತವೆ. ಅಪ್ಪ ನೋಡಿದ್ದು ಇದನ್ನೇ, ನೀಲಿಯನ್ನು ತಲೆ ಸೇರಿಸಿಕೊಂಡಿದೆ ಎಂದು ನನಗೆ ಖಾತ್ರಿಯಾಯಿತು. ಭಾನುವಾರದ ಗುಂಪಿನವರೂ ಹಾಗೇ ಅಂದರಂತೆ. ಒಣ ಎಲೆಯ ಹಾಗೆ ಕೂರುವ ನೀಲಿ ಚಿಟ್ಟೆ ಒಂದು ಇದೆ ನಿಜ, ಆದರೆ ಅದು ಸಾತಪುಡಾದ ಕಾಡಿನದ್ದು, ಊರೊಳಗೆ ಯಾಕೆ ಬರುತ್ತದೆ ಎಂದರಂತೆ.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಅಕ್ಕ ಮತ್ತೆ ಬಂದರು. ಅದೇ ಕುರ್ಚಿ ಎಳೆದುಕೊಂಡು, ಏನೂ ಗೊತ್ತಿಲ್ಲದವರಂತೆ, "ಕಾಕಾರ, ನೀವು ಏನೋ ನೋಡಿದ್ರಂತ" ಎಂದರು. ಅಪ್ಪ, "ಯಾರು ಹೇಳಿದರು ನಿನಗೆ?" ಎಂದರು. ಅಕ್ಕ ಬಂದದ್ದು, ಕೇಳಿದ್ದು, ಬಾಲ್ಕನಿಯಲ್ಲಿ ಬಟ್ಟೆ ತೋರಿಸಿದ್ದು, ಯಾವುದೂ ಅವರಿಗೆ ನೆನಪಿರಲಿಲ್ಲ. ಅಕ್ಕ ಈ ಸಲ ಪ್ರಶ್ನೆಗಳನ್ನು ಕೊನೆಯಿಂದ ಶುರು ಮಾಡಿದರು. ಎಲ್ಲಿಗೆ ಹಾರಿತು, ಹೇಗೆ ಎದ್ದಿತು, ಹೇಗೆ ಕೂತಿತ್ತು. ಅಪ್ಪ ಗೋಡೆಯಾಚೆಯ ಕೊಂಬೆಯನ್ನೂ ಹೇಳಿದರು, ಕಿತ್ತಳೆ ಪಟ್ಟಿಯನ್ನೂ ಹೇಳಿದರು. ನೀವು ಯಾಕೆ ಹತ್ತಿರ ಹೋದಿರಿ ಎಂದಾಗ, "ಬೇವಿನ ಮರದಲ್ಲಿ ಅಗಲ ಎಲೆ ಯಾಕಿರುತ್ತೆ ಹೇಳು" ಎಂದು ಅದೇ ದಡ್ಡಿಯನ್ನು ನೋಡುವ ನೋಟ ನೋಡಿದರು.

ಅಕ್ಕ ಫೋನ್ ತೆಗೆದು, ರೆಕ್ಕೆ ಮುಚ್ಚಿ ಕೂತ ಚಿಟ್ಟೆಗಳ ಫೋಟೊಗಳನ್ನು ಒಂದಾದ ಮೇಲೊಂದು ತೋರಿಸತೊಡಗಿದರು. ಎಲ್ಲವೂ ಕಂದು, ಎಲ್ಲವೂ ಒಣಕಲು. ಅಪ್ಪ ಬೇಡ ಬೇಡ ಎನ್ನುತ್ತ ಹೋದರು. ನಾನು ಖಾತ್ರಿ ಮಾಡಿಕೊಂಡಿದ್ದ ಸಂಜೆಯ ಕಂದು ಚಿಟ್ಟೆ ಬಂದಾಗ, "ಇದು ದುಂಡಗಿದೆ. ತೊಟ್ಟೆಲ್ಲಿದೆ ಇದಕ್ಕೆ?" ಎಂದು ತಳ್ಳಿಬಿಟ್ಟರು. ಇನ್ನೊಂದು ಬಂದ ಕೂಡಲೇ ಅಕ್ಕನ ಕೈ ಹಿಡಿದುಕೊಂಡರು. ಬೊಡ್ಡೆಯ ಮೇಲೆ ತಲೆಕೆಳಗಾಗಿ ಕೂತ ಒಂದು ಒಣ ಎಲೆ, ನಡುವೆ ನರ, ಮೇಲೆ ತೊಟ್ಟು. "ಇದೇ" ಎಂದರು. ಅಕ್ಕ ಬೆರಳಿನಿಂದ ಸರಿಸಿ, ಅದೇ ಚಿಟ್ಟೆ ರೆಕ್ಕೆ ಬಿಚ್ಚಿದ ಫೋಟೊ ತೋರಿಸಿದರು. ಕಡು ನೀಲಿ, ಅಡ್ಡಲಾಗಿ ಕಿತ್ತಳೆ ಪಟ್ಟಿ.

ನಾನು ಅಲ್ಲೇ ಮಂಚದ ತುದಿಗೆ ಕೂತುಬಿಟ್ಟೆ. ನನಗೆ ಅಳು ಬಂದಿತ್ತು, ಮುಚ್ಚಿಡಲೂ ಹೋಗಲಿಲ್ಲ.

"ಕಾಡಿನ ಪಾತರಗಿತ್ತಿ ಇದು. ಕೊಳತ ಹಣ್ಣಂದ್ರ ಜೀವ ಬಿಡತೈತಿ. ಸಂತ್ರಾದ ವಾಸನಿಗೆ ಬಂದಿರಬೇಕು" ಎಂದರು ಅಕ್ಕ. ಆಮೇಲೆ ಸ್ವಲ್ಪ ಮುಖ ಊದಿಸಿಕೊಂಡು, "ಇಷ್ಟು ವರ್ಷ ಆತು, ಊರಾಗ ನನಗ ಒಮ್ಮಿನೂ ಕಂಡಿಲ್ಲ. ಬಸ್ಸಿನವರಿಗೆ ಕಂಡೈತಿ" ಎಂದರು.

ಅಪ್ಪ ನಗಲಿಲ್ಲ. ಫೋನನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದರು. "ಹಾಗಾದ್ರೆ ನನ್ನ ತಲೆ ಸರಿ ಇದೆಯಾಮ್ಮ?"

ಇನ್ನು ಒಂದೇ ಮಾತು, ಇದೆ ಎಂದರೆ ಮುಗಿಯಿತು. ನಾನು ಅಕ್ಕನ ಬಾಯನ್ನೇ ನೋಡುತ್ತಿದ್ದೆ. ಅಕ್ಕ ಫೋನನ್ನು ಪಕ್ಕಕ್ಕಿಟ್ಟರು.

"ಪಾತರಗಿತ್ತಿ ಖರೇ ಕಾಕಾರ. ಅದರಾಗ ನನಗ ಸಂಶಯ ಇಲ್ಲ. ಆದ್ರ ಮೊನ್ನೆ ನಾ ಬಂದು ಇದ ಕುರ್ಚಿ ಮ್ಯಾಲೆ ಕೂತು ನಿಮ್ಮನ್ನ ಇದೆಲ್ಲಾ ಕೇಳಿದ್ದೆ. ಅದನ್ನ ನೀವು ಪೂರಾ ಮರ್ತೀರಿ. ಅದೂ ಖರೇ. ಮರೆವು ಐತಿ, ಅದಕ್ಕ ಡಾಕ್ಟರ್ ಕಡೆ ಹೋಗಬೇಕು. ಆದ್ರ ಇಲ್ಲದ್ದು ಕಣ್ಣಿಗೆ ಕಾಣೂದು, ಅದು ನಿಮಗ ಇಲ್ಲ."

ನನಗೆ ಅಕ್ಕನನ್ನು ಅಲ್ಲೇ ಹೊಡೆದುಬಿಡುವಷ್ಟು ಸಿಟ್ಟು ಬಂತು. ಕೆಳಗೆ ನೆಲಮಹಡಿಯವರ ಟೆಂಪೊ ಬಂದು ನಿಂತ ಸದ್ದು, ಹಣ್ಣಿನ ಬುಟ್ಟಿಗಳನ್ನು ಇಳಿಸುವ ಸದ್ದು ಕೇಳಿಸುತ್ತಿತ್ತು.

"ಎಲ್ಲರೂ ನಾನು ಏನು ಹೇಳಿದರೂ ಹೂಂ ಹೂಂ ಅಂತಾರೆ ಕಣಮ್ಮ" ಎಂದರು ಅಪ್ಪ. "ನೀನು ಎರಡೂ ಹೇಳಿದೆ. ಅದಕ್ಕೇ ಚಿಟ್ಟೆ ಮಾತೂ ನಂಬ್ತೀನಿ."

ಆಮೇಲೆ ನನ್ನ ಕಡೆ ತಿರುಗಿ, ಅಳುತ್ತ ಯಾಕೆ ಕೂತಿದ್ದೀಯ, ಹೊಟ್ಟೆ ಹಸೀತಿದೆ, ತಟ್ಟೆ ಹಾಕು ಎಂದರು. ಅಂದು ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡು ಊಟ ಮಾಡಿದರು.